ಹಳೆಯ ಗೋಡೆ ಉಸಿರಾಡಬೇಕು

ಕೇಳುಗ ಬಂಧುಗಳಿಗೆ ನಮಸ್ಕಾರ.

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನಾನೂರು ಐನೂರು ವರ್ಷದ ಮನೆ ಕೊಳ್ಳಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗೆ ಇದೆ ಎಂದು ನನಗೆ ಗೊತ್ತು. ರೆಡಿಂಗ್‌ನಿಂದ, ಬರ್ಮಿಂಗ್‌ಹ್ಯಾಮ್‌ನಿಂದ ವಾರಕ್ಕೊಬ್ಬರಾದರೂ ಫೋನ್ ಮಾಡುತ್ತೀರಿ. ಆಸ್ಪತ್ರೆಯಲ್ಲಿ ದುಡಿಯುವವರು, ಕಂಪ್ಯೂಟರ್ ಕೆಲಸದವರು, ಮಕ್ಕಳು ಕಾಲೇಜು ಸೇರಿದ ಮೇಲೆ ಇನ್ನಾದರೂ ನೆಮ್ಮದಿಯಾಗಿರೋಣ ಎನ್ನುವವರು. ಎಲ್ಲರೂ ಬೆಲೆ ಕೇಳುತ್ತೀರಿ, ಬಡ್ಡಿ ಕೇಳುತ್ತೀರಿ, ರೈಲು ನಿಲ್ದಾಣ ಎಷ್ಟು ದೂರ ಎಂದು ಕೇಳುತ್ತೀರಿ. ಗೋಡೆಯ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಹಳೆಯ ಮನೆಗಳನ್ನು ತಪಾಸಣೆ ಮಾಡುವ ಸರ್ವೇಯರ್ ಆಗಿ ಮೂವತ್ತು ವರ್ಷ ಕಳೆದ ನನಗೆ ಇದು ಸಹಿಸಲಾಗದ ಸಂಗತಿ. ಹಾಗಾಗಿ ಇವತ್ತು ಗೋಡೆಯ ವಿಷಯವನ್ನೇ ಹೇಳುತ್ತೇನೆ. ಹಳೆಯ ಗೋಡೆ ಉಸಿರಾಡಬೇಕು. ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ.

ಸಫೊಕ್ ಕೌಂಟಿಯ ಲ್ಯಾವೆನ್‌ಹ್ಯಾಮ್‌ಗೆ ನಿಮ್ಮಲ್ಲಿ ಕೆಲವರಾದರೂ ಹೋಗಿರುತ್ತೀರಿ. ಬೀದಿಯ ಎರಡೂ ಬದಿಗೆ ಓಕ್ ಮರದ ಚೌಕಟ್ಟಿನ ಮನೆಗಳು, ಒಂದರ ಭುಜಕ್ಕೆ ಇನ್ನೊಂದು ಒರಗಿದಂತೆ ನಿಂತಿವೆ. ಹಸಿ ಓಕ್‌ನಲ್ಲಿ ಕಟ್ಟಿದವು, ಒಣಗುತ್ತಾ ಒಣಗುತ್ತಾ ವಾಲಿಕೊಂಡವು. ಐನೂರು ವರ್ಷದ ಹಿಂದೆ ಆ ಊರಿನ ನೀಲಿ ಉಣ್ಣೆಬಟ್ಟೆಗೆ ಯುರೋಪಿನಲ್ಲೆಲ್ಲ ಗಿರಾಕಿಗಳಿದ್ದರು. 1524ರ ತೆರಿಗೆ ಲೆಕ್ಕದಲ್ಲಿ ಅದು ಇಂಗ್ಲೆಂಡಿನ ಅತಿ ಶ್ರೀಮಂತ ಊರುಗಳಲ್ಲಿ ಒಂದು. ಆಮೇಲೆ ಕೋಲ್ಚೆಸ್ಟರ್‌ಗೆ ಬಂದು ನೆಲೆಸಿದ ಡಚ್ ನೇಕಾರರು ಹಗುರವಾದ, ಅಗ್ಗವಾದ ಬಟ್ಟೆ ನೇಯ್ದರು. ಲ್ಯಾವೆನ್‌ಹ್ಯಾಮ್‌ನ ವ್ಯಾಪಾರ ಬಿದ್ದುಹೋಯಿತು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲು ಯಾರ ಕೈಯಲ್ಲೂ ಕಾಸಿರಲಿಲ್ಲ. ಇವತ್ತು ನಾವು ನಿಂತು ಫೋಟೋ ತೆಗೆಯುವ ಆ ಮನೆಗಳನ್ನೆಲ್ಲ ಉಳಿಸಿಕೊಟ್ಟದ್ದು ಬಡತನ.

ಆ ಮನೆಗಳ ಗೋಡೆಯಲ್ಲಿ ಏನಿದೆ? ನಮ್ಮೂರಿನ ತಡಿಕೆ ಗೋಡೆಯೇ ಇದೆ. ಓಕ್ ಕಂಬಗಳ ನಡುವೆ ಹೇಜಲ್ ಗಿಡದ ಕಡ್ಡಿಗಳನ್ನು ಹೆಣೆದು, ಜೇಡಿಮಣ್ಣು, ಹುಲ್ಲು, ಸೆಗಣಿ ಕಲಸಿ ಎರಡೂ ಕಡೆಯಿಂದ ಮೆತ್ತಿದ್ದಾರೆ. ಅದರ ಮೇಲೆ ಸುಣ್ಣದ ಗಾರೆ. ಗಾರೆಯ ಮೇಲೆ ಸುಣ್ಣದ ಬಳಿತ. ತೀರ್ಥಹಳ್ಳಿಯ ಕಡೆ ನಮ್ಮ ಅಜ್ಜನ ಮನೆಯ ಕೊಟ್ಟಿಗೆಯದ್ದೂ ಇಂಥದೇ ಗೋಡೆ.

ಮಲೆನಾಡಿನವರಿಗೆ ಕಂಬಳಿ ಕೊಪ್ಪೆ ಗೊತ್ತು. ಮಳೆಗೆ ಕಂಬಳಿ ನೆನೆಯುತ್ತದೆ, ಆದರೂ ಒಳಗಿನ ಮೈ ಬೆಚ್ಚಗಿರುತ್ತದೆ. ಮನೆಗೆ ಬಂದು ಒಲೆಯ ಹತ್ತಿರ ಹರಡಿದರೆ ಒಣಗುತ್ತದೆ. ಅದೇ ಪ್ಲಾಸ್ಟಿಕ್ ಹಾಳೆ ಹೊದ್ದು ಗದ್ದೆಗೆ ಇಳಿಯಿರಿ. ಅರ್ಧ ಗಂಟೆಯಲ್ಲಿ ಬೆವರಿನಿಂದಲೇ ತೊಯ್ದು ಹೋಗುತ್ತೀರಿ. ಹಳೆಯ ಗೋಡೆ ಕಂಬಳಿಯ ಹಾಗೆ. ಮಳೆ ಬಂದರೆ ಒಂದಿಷ್ಟು ನೀರು ಕುಡಿಯುತ್ತದೆ, ಗಾಳಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದಕ್ಕೆ ಸಿಮೆಂಟು ಮೆತ್ತಿದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದಂತೆ. ಸಿಮೆಂಟು ಬಿರುಸು, ಮರದ ಮನೆಯಾದರೋ ಋತುವಿಗೊಮ್ಮೆ ಅಲುಗುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ನುಗ್ಗುತ್ತದೆ. ಹೊರಗೆ ಬರಲು ದಾರಿಯಿಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಮೊದಲು ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದಕ್ಕೆ ಮುನ್ನೂರು ವರ್ಷ ಮೊದಲು ಕಟ್ಟಿದ ಮನೆಗೆ ಅದನ್ನು ಏಕೆ ಮೆತ್ತಬೇಕು?

ಒಂದು ಮನೆಯ ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ದಾವಣಗೆರೆ ಮೂಲದ ವೈದ್ಯೆಯೊಬ್ಬರು, ಅವರ ಯಜಮಾನರು, ಲ್ಯಾವೆನ್‌ಹ್ಯಾಮ್‌ನಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಒಂದು ಮನೆ ಮೆಚ್ಚಿದ್ದರು. ತಿಳಿಗುಲಾಬಿ ಬಣ್ಣದ ಮನೆ. ಸಫೊಕ್‌ನಲ್ಲಿ ಆ ಬಣ್ಣ ಪ್ರಸಿದ್ಧ, ಹಿಂದೆ ಸುಣ್ಣಕ್ಕೆ ಎತ್ತಿನ ರಕ್ತ ಬೆರೆಸುತ್ತಿದ್ದರೆಂದು ಜನ ಹೇಳುತ್ತಾರೆ. ಒಳಗೆ ಆಳೆತ್ತರದ ಒಲೆಗೂಡು, ಅದರ ಪಕ್ಕದಲ್ಲಿ ಬ್ರೆಡ್ ಸುಡುವ ಗೂಡು. ಡಾಕ್ಟರಮ್ಮ ಒಲೆಗೂಡಿನೊಳಗೆ ನಿಂತು ಮೇಲೆ ನೋಡಿದರೆ ಚಿಮಣಿಯ ತುದಿಯಲ್ಲಿ ಆಕಾಶ ಕಾಣಿಸಿತಂತೆ. ಅಲ್ಲಿಗೆ ಮನಸ್ಸು ಸೋತು ಹೋಗಿತ್ತು. "ಸಾಲ ಕೊಡುವ ಬ್ಯಾಂಕಿನವರು ಬಂದು ನೋಡಿ ಹೋಗಿದ್ದಾರೆ ಸರ್, ಏನೂ ತೊಂದರೆ ಇಲ್ಲವಂತೆ" ಎಂದರು. ಬ್ಯಾಂಕಿನವರು ನೋಡುವುದು ತಮ್ಮ ಸಾಲ ವಾಪಸು ಬರುತ್ತದೆಯೇ ಎಂದು ಮಾತ್ರ. ಇದನ್ನು ನಾನು ಎಷ್ಟು ಸಲ ಹೇಳಬೇಕೋ!

ಫೆಬ್ರುವರಿಯಲ್ಲಿ ಹೋದೆ. ಬಾಗಿಲು ತೆರೆದ ಕೂಡಲೇ ಹಸಿ ಮಣ್ಣಿನ ವಾಸನೆ. ನಡುಮನೆಯ ಗೋಡೆಗೆ ಸೊಂಟದೆತ್ತರದವರೆಗೆ ಹೊಸ ಬಿಳಿ ಬಣ್ಣ, ಅಲ್ಲಿಂದ ಮೇಲಕ್ಕೆ ಹಳೆಯ ಬಣ್ಣ. ಚಪ್ಪಲಿ ಗೂಡನ್ನು ಪಕ್ಕಕ್ಕೆ ಸರಿಸಿದೆ. ಹಿಂದೆ ಬಣ್ಣ ಹಪ್ಪಳದಂತೆ ಎದ್ದಿತ್ತು, ಬೆರಳು ತಾಗಿಸಿದರೆ ಬಿಳಿ ಉಪ್ಪಿನ ಪುಡಿ ಉದುರಿತು. ಹೊರಗೆ ಬಂದು ಗೋಡೆಯನ್ನು ಗೆಣ್ಣಿನಿಂದ ತಟ್ಟಿದೆ. ಟೊಳ್ಳು ಸದ್ದು. ಗುಲಾಬಿ ಬಣ್ಣದ ಕೆಳಗೆ ಇಂಚು ದಪ್ಪದ ಸಿಮೆಂಟು. ಬುಡಕ್ಕೆ ಹೂವಿನ ಪಾತಿ ಮಾಡಿ ಮಣ್ಣು ಏರಿಸಿದ್ದರು. ಬುಡದ ಓಕ್ ತೊಲೆ, ಇಡೀ ಮನೆಯ ಭಾರ ಹೊತ್ತ ತೊಲೆ, ಆ ಮಣ್ಣಿನಲ್ಲಿ ಹೂತು ಹೋಗಿತ್ತು. ಮಾಲೀಕರ ಅನುಮತಿ ಕೇಳಿ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಇಳಿಯಿತು. ಹದವಾಗಿ ಬೆಂದ ಗೆಣಸಿಗೆ ಕಡ್ಡಿ ಚುಚ್ಚಿದಷ್ಟು ಸುಲಭವಾಗಿ.

ಡಾಕ್ಟರಮ್ಮ ಕಾರಿನಲ್ಲಿ ಕೂತು ಅತ್ತರು. ಬೇಡವೆಂದು ಬಿಟ್ಟುಬಿಡೋಣ ಎಂದರು ಯಜಮಾನರು. ನಾನು ಬಿಡಬೇಡಿ ಎಂದೆ. ಕೆಟ್ಟಿರುವುದು ಗೊತ್ತಾದ ಮನೆಗಿಂತ ಗೊತ್ತಾಗದ ಮನೆ ಅಪಾಯ. ರಿಪೇರಿಯ ಖರ್ಚಿನ ಲೆಕ್ಕ ಹಾಕಿಸಿ ಬೆಲೆ ಇಳಿಸಿದರು, ಕೊಂಡರು.

ಆ ಮನೆ ಸಂರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿತ್ತು. ಕೌನ್ಸಿಲ್‌ನ ಅನುಮತಿಗೆ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ, ಬೇಸಿಗೆಯಲ್ಲಿ ಸಿಮೆಂಟು ಬಿಡಿಸಲು ಶುರು ಮಾಡಿದೆವು. ಯಂತ್ರ ಹಚ್ಚಲಿಲ್ಲ, ಉಳಿ ಸುತ್ತಿಗೆಯಲ್ಲೇ ಬಿಡಿಸಿದ್ದು. ಮೂರನೆಯ ದಿನ ಒಂದು ದೊಡ್ಡ ಹೆಂಟೆ ಕಳಚಿ ಬಿತ್ತು. ಒಳಗೆ ಹಳೆಯ ಮಣ್ಣು, ಮಣ್ಣಿನ ಮೇಲೆ ನಾಲ್ಕು ಬೆರಳಿನ ಗುರುತು. ಮಣ್ಣನ್ನು ಕಡ್ಡಿಗಳ ನಡುವೆ ಒತ್ತಿದವನ ಬೆರಳು. ಡಾಕ್ಟರಮ್ಮ ತಮ್ಮ ಬೆರಳುಗಳನ್ನು ಆ ಗುಳಿಗಳಲ್ಲಿ ಇಟ್ಟು ನೋಡಿದರು. ಸರಿಯಾಗಿ ಕೂತವು. ಪಕ್ಕದಲ್ಲಿ ಇಣುಕುತ್ತಿದ್ದ ಹೇಜಲ್ ಕಡ್ಡಿಗೆ ಇನ್ನೂ ತೊಗಟೆ ಅಂಟಿಕೊಂಡೇ ಇತ್ತು.

ಕೊಳೆತ ತೊಲೆಯನ್ನು ಪೂರ್ತಿ ತೆಗೆಯಲಿಲ್ಲ, ಕೆಟ್ಟಷ್ಟು ಕತ್ತರಿಸಿ ಹೊಸ ಓಕ್ ಬೆಸೆದರು ಬಡಗಿಗಳು. ಆಮೇಲೆ ಗಾರೆ. ಎಪ್ಪತ್ತು ದಾಟಿದ ಕೆಲಸಗಾರರೊಬ್ಬರು ನೆನೆಹಾಕಿದ ಸುಣ್ಣಕ್ಕೆ ಮರಳು, ಮೇಕೆ ಕೂದಲು ಸೇರಿಸಿ ಹದ ಮಾಡಿದರು. ಕರಣೆಯ ಮೇಲೆ ಒಂದು ಉಂಡೆ ಇಟ್ಟು ತಲೆಕೆಳಗು ಮಾಡುವರು. ಉಂಡೆ ಬೀಳದಿದ್ದರೆ ಹದ ಬಂದಿದೆ ಎಂದು ಅರ್ಥ. ಮೂರು ಪದರ ಹಚ್ಚಿದರು. ಬೇಗ ಒಣಗದಂತೆ ಒದ್ದೆ ಗೋಣಿತಾಟು ಇಳಿಬಿಟ್ಟರು. ಆಮೇಲೆ ಮಜ್ಜಿಗೆಯಷ್ಟು ತೆಳು ಸುಣ್ಣವನ್ನು ಐದು ಸಲ ಬಳಿದರು, ಅದೇ ಗುಲಾಬಿ ಬಣ್ಣದಲ್ಲಿ. ಮರುವರ್ಷ ಫೆಬ್ರುವರಿಯಲ್ಲಿ ನಾನು ಬೇಕೆಂದೇ ಹೋದೆ. ಬಾಗಿಲು ತೆರೆದರೆ ಒಗ್ಗರಣೆಯ ಪರಿಮಳ. ಹಸಿ ಮಣ್ಣಿನ ವಾಸನೆ ಎಲ್ಲಿಯೂ ಇಲ್ಲ. ಗೋಡೆ ಉಸಿರಾಡುತ್ತಿತ್ತು.

ಸಮಯ ಓಡುತ್ತಿದೆ, ಬೇರೆ ವಿಷಯಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಸಂರಕ್ಷಿತ ಕಟ್ಟಡಗಳಿಗೆ ಮೂರು ದರ್ಜೆ. ನಿಮಗೆ ಸಿಗುವ ಹಳ್ಳಿಮನೆ ಬಹುಮಟ್ಟಿಗೆ ಮೂರರಲ್ಲಿ ಕೊನೆಯದಾದ ಗ್ರೇಡ್ ಟೂ ದರ್ಜೆಯದು. ಒಳಗಿನ ಮೆಟ್ಟಿಲು, ಬಾಗಿಲು, ಒಲೆಗೂಡು ಎಲ್ಲವೂ ಕಾನೂನಿನ ರಕ್ಷಣೆಯಲ್ಲಿರುತ್ತವೆ. 1990ರ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಬದಲಾಯಿಸುವುದು ಅಪರಾಧ, ಎರಡು ವರ್ಷದವರೆಗೆ ಜೈಲು ಆಗಬಹುದು. ಹಿಂದಿನ ಮಾಲೀಕರು ಕದ್ದು ಮಾಡಿದ ಕೆಲಸವನ್ನು ಸರಿಪಡಿಸು ಎಂಬ ನೋಟಿಸ್ ನಿಮ್ಮ ಕೈಗೆ ಬರಬಹುದು. ಆದ್ದರಿಂದ ಹಳೆಯ ಅನುಮತಿ ಪತ್ರಗಳನ್ನು ವಕೀಲರಿಂದ ಕೇಳಿಸಿ.

ಚರ್ಚಿನ ವಿಷಯವನ್ನೂ ವಕೀಲರಿಗೆ ಕೇಳಿ. ವಾರಿಕ್‌ಷೈರ್‌ನ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಜಮೀನು ಹೊಂದಿದ್ದ ದಂಪತಿ, ಆ ಜಮೀನಿಗೆ ಅಂಟಿಕೊಂಡಿದ್ದ ಹಳೆಯ ಕಟ್ಟಳೆಯಿಂದಾಗಿ ಊರ ಚರ್ಚಿನ ರಿಪೇರಿಯ ಖರ್ಚು ತುಂಬಬೇಕಾಯಿತು. 2003ರಲ್ಲಿ, ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿಯೂ ಸೋತರು. ಚರ್ಚು ಹೀಗೆ ಹಣ ಕೇಳುವುದಕ್ಕೆ ಈಗ ನಿಯಮ ಬಿಗಿಯಾಗಿದೆ, ಆದರೂ ವಕೀಲರನ್ನು ಕೇಳುವುದರಲ್ಲಿ ನಷ್ಟವಿಲ್ಲ. ಹಲವು ಹಳ್ಳಿಗಳಲ್ಲಿ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಅದರ ನೀರು ನೇರವಾಗಿ ಹಳ್ಳಕ್ಕೆ ಹೋಗುವಂತಿಲ್ಲ. ಗ್ಯಾಸ್ ಪೈಪು ಇಲ್ಲದ ಕಡೆ ಎಣ್ಣೆ ಸುಟ್ಟು ಮನೆ ಬಿಸಿ ಮಾಡಬೇಕು. ಹುಲ್ಲಿನ ಮಾಡಾದರೆ ವಿಮೆ ದುಬಾರಿ, ಮಾಡಿನ ನೆತ್ತಿಯನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿಸಬೇಕು. ಬಸ್ಸು ಭಾನುವಾರ ಬರುತ್ತದೆಯೇ ನೋಡಿಕೊಳ್ಳಿ. ಊರಿನ ಸಭಾಂಗಣದಲ್ಲಿ ಏನಾದರೂ ಕಾರ್ಯಕ್ರಮವಿದ್ದರೆ ಕುರ್ಚಿ ಜೋಡಿಸಲು ಹೋಗಿ, ಬೇರೆ ಪರಿಚಯ ಬೇಕಾಗುವುದಿಲ್ಲ.

ಇಷ್ಟೆಲ್ಲ ಇದ್ದರೂ ನಾನು ಮತ್ತೆ ಗೋಡೆಗೇ ಬರುತ್ತೇನೆ. ಏಜೆಂಟರು ಬಿಸಿಲಿನ ದಿನ ತೆಗೆದ ಫೋಟೋ ನೋಡಿ ಮುಂಗಡ ಕೊಡಬೇಡಿ. ಇಂಗ್ಲೆಂಡಿನಲ್ಲಿ ಕರಾರು ಪತ್ರಗಳ ವಿನಿಮಯ ಆಗುವವರೆಗೆ ನೀವು ಹಿಂದೆ ಸರಿಯಬಹುದು, ಅಷ್ಟರೊಳಗೆ ಹಳೆಯ ಕಟ್ಟಡ ಬಲ್ಲ ಸರ್ವೇಯರ್‌ನಿಂದ ಪೂರ್ಣ ತಪಾಸಣೆ ಮಾಡಿಸಿ. ಅದಕ್ಕೂ ಮೊದಲು ಮಳೆ ಸುರಿಯುತ್ತಿರುವ ಒಂದು ದಿನ ನೀವೇ ಹೋಗಿ. ಛತ್ರಿ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೇ ನೋಡಿ. ಸೂರಿನ ನೀರು ಎಲ್ಲಿ ಬೀಳುತ್ತದೆ ನೋಡಿ. ಗೋಡೆಯನ್ನು ತಟ್ಟಿ. ಒಳಗೆ ಹೋಗಿ, ಮಂಡಿಯೂರಿ, ಗೋಡೆಯ ಬುಡಕ್ಕೆ ಮೂಗು ಹಚ್ಚಿ ವಾಸನೆ ನೋಡಿ. ಮಾಲೀಕರು ಏನೆಂದುಕೊಂಡರೂ ಚಿಂತೆಯಿಲ್ಲ.

ನಮಸ್ಕಾರ.