ಐಸಾಕ್ ಮೇಷ್ಟ್ರ ಮಕ್ಕಳು

ಕೇಳುಗರಿಗೆ ನಮಸ್ಕಾರ.

ಹರ್ಷೆಲ್ ಅಂದ ಕೂಡಲೇ ಎಲ್ಲರೂ ಅವರು ಯುರೇನಸ್ ಗ್ರಹ ಕಂಡುಹಿಡಿದ ಮಾತು ತೆಗೆಯುತ್ತಾರೆ. 1781ರ ಮಾರ್ಚ್ 13, ಇಂಗ್ಲೆಂಡಿನ ಬಾತ್ ಪಟ್ಟಣ, ಕೈಯಾರೆ ಮಾಡಿಕೊಂಡ ದೂರದರ್ಶಕ. ಶಾಲೆಯ ಪುಸ್ತಕದಲ್ಲೂ ಅಷ್ಟೇ ಇರುತ್ತದೆ. ಆ ವಿಲಿಯಂ ಹರ್ಷೆಲ್‌ಗೆ ಒಬ್ಬ ಅಪ್ಪ ಇದ್ದರು, ಸಂಗೀತದ ಮೇಷ್ಟ್ರು, ಎಲ್ಲ ಶುರುವಾದದ್ದು ಅವರಿಂದ. ಇದನ್ನು ಯಾಕೆ ಯಾರೂ ಹೇಳುವುದಿಲ್ಲವೋ ಕಾಣೆ. ನಾನು ಹೇಳುತ್ತೇನೆ.

ಅವರು ಐಸಾಕ್ ಹರ್ಷೆಲ್. ತೋಟದ ಮಾಲಿಯ ಮಗ. ಜರ್ಮನಿಯ ಹ್ಯಾನೋವರಿನ ಸೈನ್ಯದ ವಾದ್ಯಮೇಳದಲ್ಲಿ ಓಬೋ ಊದುತ್ತಿದ್ದರು. ನಮ್ಮ ಓಲಗದ ಹಾಗೆ ಪೀಪಿ ಕಚ್ಚಿ ಊದುವ ವಾದ್ಯ ಅದು. 1743ರಲ್ಲಿ ಡೆಟ್ಟಿಂಗೆನ್ ಕಾಳಗವಾದ ರಾತ್ರಿ ಒದ್ದೆ ಹೊಲದಲ್ಲಿ ಮಲಗಿದ್ದಕ್ಕೆ ಉಬ್ಬಸ ಹಿಡಿಯಿತು, ಸಾಯುವ ತನಕ ಬಿಡಲಿಲ್ಲ. ಸೈನ್ಯ ಬಿಟ್ಟ ಮೇಲೆ ಸಂಗೀತ ಪಾಠ ಹೇಳಿ, ಸ್ವರಲಿಪಿ ನಕಲು ಮಾಡಿಕೊಟ್ಟು ಮನೆ ನಡೆಸಿದರು. ಹುಟ್ಟಿದ ಮಕ್ಕಳು ಹತ್ತು, ಬದುಕಿದ್ದು ಆರು.

ರಾತ್ರಿ ಸಂಗೀತ ಕಛೇರಿ ಮುಗಿಸಿ ಬಂದು ಅಪ್ಪ, ಮಕ್ಕಳು ಚರ್ಚೆಗೆ ಕೂರುತ್ತಿದ್ದರು. ನ್ಯೂಟನ್, ಲೈಬ್ನಿಟ್ಸ್, ಆಯ್ಲರ್ ಎಂಬ ಗಣಿತ, ವಿಜ್ಞಾನದ ಪಂಡಿತರ ಹೆಸರುಗಳು ಎಷ್ಟು ಜೋರಾಗಿ ಕೇಳುತ್ತಿದ್ದವೆಂದರೆ, ಮಲಗಿದ ಚಿಕ್ಕವರು ಎದ್ದಾರು ಎಂದು ತಾಯಿ ಬಂದು ತಡೆಯಬೇಕಾಗುತ್ತಿತ್ತು. ಪಕ್ಕದಲ್ಲಿ ಮಲಗಿ, ನಿದ್ದೆ ಬಾರದೆ ಕೇಳುತ್ತಿದ್ದವಳು ವಿಲಿಯಂನ ತಂಗಿ, ಪುಟ್ಟ ಕ್ಯಾರೊಲಿನ್.

ಅವಳ ಒಂದು ನೆನಪನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಅಪ್ಪ, ಅಣ್ಣಂದಿರು ಸೈನ್ಯದ ಜೊತೆ ಇಂಗ್ಲೆಂಡಿಗೆ ಹೋಗಿ ವಾಪಸು ಬರುವ ದಿನ. ತಾಯಿಗೆ ಅಡುಗೆಯ ಗಡಿಬಿಡಿ. ಹೋಗಿ ಎದುರುಗೊಂಡು ಬಾ ಎಂದು ಆರು ವರ್ಷದ ಹುಡುಗಿಯನ್ನು ಕಳಿಸಿದರು. ಜನಜಂಗುಳಿಯಲ್ಲಿ ಮಗುವಿಗೆ ಯಾರೂ ಸಿಗಲಿಲ್ಲ. ಚಳಿಯಲ್ಲಿ ನಡುಗುತ್ತಾ ಮನೆಗೆ ಬಂದರೆ ಎಲ್ಲರೂ ಆಗಲೇ ಊಟಕ್ಕೆ ಕೂತಿದ್ದಾರೆ! ಇವಳು ಬಂದದ್ದನ್ನು ಗಮನಿಸಿದವರಿಲ್ಲ. ವಿಲಿಯಂ ಒಬ್ಬ ಕೈಯಲ್ಲಿದ್ದ ಚಾಕು, ಫೋರ್ಕು ಬಿಸಾಕಿ ಓಡಿಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವಳ ದುಃಖವೆಲ್ಲ ಹಾರಿಹೋಯಿತಂತೆ. ಆಮೇಲೆ ಐವತ್ತು ವರ್ಷ ಆಕೆ ಈ ಅಣ್ಣನ ಜೊತೆಗಿದ್ದರು.

ಮಗಳಿಗೆ ಓದು ಬೇಡ, ಮನೆಗೆಲಸ ಸಾಕು ಅನ್ನುವುದು ತಾಯಿಯ ಹಟ. ಇಷ್ಟು ಓದದಿದ್ದರೆ ವಿಲಿಯಂ ಊರಿಗೆ ವಾಪಸು ಬರುತ್ತಿದ್ದ ಎಂದು ಆಕೆ ನಂಬಿದ್ದರು. ತಾಯಿಯ ಸಂಕಟ ಅದು, ತಪ್ಪೆನ್ನಲಾರೆ. ಐಸಾಕ್ ಮೇಷ್ಟ್ರು ಮಾತ್ರ ಹೆಂಡತಿ ಮನೆಯಲ್ಲಿಲ್ಲದಾಗ ಮಗಳಿಗೆ ಪಿಟೀಲು ಕಲಿಸಿದರು. ಇಬ್ಬನಿ ಹೆಪ್ಪುಗಟ್ಟುವ ಒಂದು ರಾತ್ರಿ ಬೀದಿಗೆ ಕರೆದೊಯ್ದು ಧೂಮಕೇತು ತೋರಿಸಿದರು, ನಕ್ಷತ್ರಪುಂಜಗಳ ಗುರುತು ಹೇಳಿಕೊಟ್ಟರು. ಉಬ್ಬಸದ ಮನುಷ್ಯ, ಆ ಚಳಿಯಲ್ಲಿ!

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1757ರಲ್ಲಿ ಹ್ಯಾನೋವರಿಗೆ ಫ್ರೆಂಚರು ನುಗ್ಗಿದಾಗ ವಿಲಿಯಂ ಇಂಗ್ಲೆಂಡಿಗೆ ಹೋದರು, ಸಂಗೀತವೇ ಅನ್ನ ಹಾಕಿತು. ತಮ್ಮ ಅಲೆಕ್ಸಾಂಡರ್ ಸೆಲ್ಲೋ ಎಂಬ, ಪಿಟೀಲಿನ ಜಾತಿಯ ದೊಡ್ಡ ವಾದ್ಯ ಹಿಡಿದು ಬಾತ್‌ಗೆ ಹೋದರು. 1767ರಲ್ಲಿ ಐಸಾಕ್ ತೀರಿಕೊಂಡರು. 1772ರಲ್ಲಿ ವಿಲಿಯಂ ಊರಿಗೆ ಬಂದು, ತಾಯಿ ಆಳು ಇಟ್ಟುಕೊಳ್ಳಲಿ ಎಂದು ವರ್ಷಾಶನ ಗೊತ್ತುಮಾಡಿ, ತಂಗಿಯನ್ನು ಕರೆದೊಯ್ದರು. ಅಪ್ಪನಿಂದ ಧೂಮಕೇತು ನೋಡಲು ಕಲಿತ ಮಗಳು 1786ರಿಂದ ಮುಂದೆ ತಾನೇ ಎಂಟು ಧೂಮಕೇತು ಕಂಡುಹಿಡಿದರು. ಇಂಗ್ಲೆಂಡಿನ ದೊರೆ ಆಕೆಗೆ ವರ್ಷಕ್ಕೆ 50 ಪೌಂಡ್ ಸಂಬಳ ಕೊಟ್ಟ.

ಅಣ್ಣ ತೀರಿಕೊಂಡ ಮೇಲೆ ಕ್ಯಾರೊಲಿನ್ ಹ್ಯಾನೋವರಿಗೆ ಮರಳಿ, 1848ರ ಜನವರಿಯಲ್ಲಿ, 97ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಅವರೇ ಹೇಳಿದ್ದ ಪ್ರಕಾರ ಶವಪೆಟ್ಟಿಗೆಯಲ್ಲಿ ಎರಡು ವಸ್ತು ಇಟ್ಟರು. ಒಂದು, ವಿಲಿಯಂ ಅಣ್ಣನ ಒಂದಿಷ್ಟು ಕೂದಲು. ಇನ್ನೊಂದು, ಅಕ್ಷರ ಮಾಸಿಹೋದ ಒಂದು ಹಳೇ ಪಂಚಾಂಗ. ಐಸಾಕ್ ಮೇಷ್ಟ್ರು ಬಳಸುತ್ತಿದ್ದದ್ದು.

ನಮಸ್ಕಾರ.