ಅರ್ಧ ತುಂಬಿಸಿ, ತಂತಿ ಬಿಚ್ಚಿ, ಸುಮ್ನೆ ಬಿಡಿ

ಕೇಳುಗರಿಗೆ ನಮಸ್ಕಾರ.

ಚಳಿಗಾಲ ಮುಗಿಯುವ ತನಕ ಕ್ಯಾಂಪರ್ ವ್ಯಾನನ್ನು ಒಂದು ಕಡೆ ನಿಲ್ಲಿಸಿಬಿಡುವವರೇ, ಇವತ್ತಿನ ಮಾತು ನಿಮಗಾಗಿ. ನೀರಿನ ಟ್ಯಾಂಕ್ ಖಾಲಿ ಮಾಡಿರುತ್ತೀರಿ. ಫ್ರಿಜ್ ಒರೆಸಿ ಬಾಗಿಲು ಸ್ವಲ್ಪ ತೆರೆದಿಟ್ಟಿರುತ್ತೀರಿ. ಉಳಿದದ್ದು ಸೀಟಿನ ಕೆಳಗೆ ಕೂತಿರುವ ಲಿಥಿಯಂ ಬ್ಯಾಟರಿ. ಅದಕ್ಕೆ ಏನು ಮಾಡಬೇಕು? ನಾನು ಹೇಳುವುದು ಒಂದೇ ಮಾತು: ಅರ್ಧ ತುಂಬಿಸಿ, ತಂತಿ ಬಿಚ್ಚಿ, ಸುಮ್ನೆ ಬಿಡಿ. ಬರೆದುಕೊಳ್ಳಲು ಪೆನ್ನು ಹುಡುಕಬೇಡಿ, ಇದನ್ನೇ ಇನ್ನೂ ನಾಲ್ಕೈದು ಸಲ ಹೇಳುವವನಿದ್ದೇನೆ.

ಇಷ್ಟು ಸುಲಭದ ಮಾತನ್ನು ಜನ ಯಾಕೋ ನಂಬುವುದಿಲ್ಲ. ಕಾರಣ ಹಳೇ ಅಭ್ಯಾಸ. ಮೊದಲೆಲ್ಲ ವ್ಯಾನ್‌ಗಳಲ್ಲಿ ಇದ್ದದ್ದು ಲೆಡ್ ಆಸಿಡ್ ಬ್ಯಾಟರಿ. ಅದನ್ನು ಖಾಲಿ ಬಿಡುವ ಹಾಗಿರಲಿಲ್ಲ. ಖಾಲಿ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಚಳಿ ಜೋರಾದರೆ ಖಾಲಿ ಬ್ಯಾಟರಿಯ ಆಸಿಡ್ ನೀರು ಹೆಪ್ಪುಗಟ್ಟಿ ಡಬ್ಬವೇ ಒಡೆದುಹೋಗಬಹುದು. ಅದಕ್ಕೇ ಎಲ್ಲರೂ ಪೂರ್ತಿ ಚಾರ್ಜ್ ಮಾಡಿ, ಸಣ್ಣ ಚಾರ್ಜರ್ ಒಂದನ್ನು ಚಳಿಗಾಲವಿಡೀ ಹಚ್ಚಿಡುತ್ತಿದ್ದರು. ಆ ಬ್ಯಾಟರಿಗೆ ಅದು ಸರಿಯಾದ ಉಪಚಾರವೇ. ಲಿಥಿಯಂ ಬ್ಯಾಟರಿ ಬೇರೆ ಜಾತಿ. ಹಳೇ ಬ್ಯಾಟರಿಗೆ ಮಾಡಿದ್ದನ್ನೆಲ್ಲ ಇದಕ್ಕೂ ಮಾಡಿದರೆ, ಅಕ್ಕರೆಯಿಂದಲೇ ಅದರ ಆಯಸ್ಸು ಕಡಿಮೆ ಮಾಡಿದ ಹಾಗೆ.

ಕ್ಯಾಂಪರ್‌ಗಳಲ್ಲಿ ಇರುವುದು ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬಗೆ. ಇದರ ಮೇಲೆ ನನಗೆ ಪ್ರೀತಿ ಸ್ವಲ್ಪ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ 1990ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟಿತು. ಲಿಥಿಯಂ ಬ್ಯಾಟರಿಗಳ ಕೆಲಸಕ್ಕೆ 2019ರಲ್ಲಿ ನೊಬೆಲ್ ಬಂದಾಗ ಅವರಿಗೆ 97 ವರ್ಷ. ಇರಲಿ, ಅವರ ಕಥೆ ಶುರು ಮಾಡಿದರೆ ನನ್ನ ಸಮಯವೆಲ್ಲ ಅಲ್ಲೇ ಹೋಗುತ್ತದೆ.

ಅರ್ಧ ಯಾಕೆ? ಪೂರ್ತಿ ತುಂಬಿದ ಲಿಥಿಯಂ ಬ್ಯಾಟರಿಯ ಒಳಗೆ ವೋಲ್ಟೇಜಿನ ಒತ್ತಡ ಹೆಚ್ಚು. ಬಳಸದೆ ಇಟ್ಟರೂ ಒಳಗಿನ ದ್ರವ ಎಲೆಕ್ಟ್ರೋಡ್ ಜೊತೆ ನಿಧಾನವಾಗಿ ಪ್ರತಿಕ್ರಿಯೆ ನಡೆಸುತ್ತಲೇ ಇರುತ್ತದೆ. ಅದರಲ್ಲಿ ಸ್ವಲ್ಪ ಸ್ವಲ್ಪವೇ ಲಿಥಿಯಂ ಖರ್ಚಾಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಒಂದೇ ಚಳಿಗಾಲಕ್ಕೆ ಬ್ಯಾಟರಿ ಸಾಯುವುದಿಲ್ಲ, ವರ್ಷ ವರ್ಷ ಸವೆಯುತ್ತದೆ. ಹಾಗಂತ ಪೂರ್ತಿ ಖಾಲಿ ಇಟ್ಟರೂ ಕಷ್ಟ, ಕೆಳಗೆ ಜಾರಲು ಜಾಗ ಇರುವುದಿಲ್ಲ. ಅದಕ್ಕೇ ಅರ್ಧ. ಶೇಕಡಾ 40ರಿಂದ 60ರ ನಡುವೆ ಎಲ್ಲಿದ್ದರೂ ಸರಿ. 47 ಇದೆ, 50 ಆಗಬೇಕಾ ಅಂತ ದಯವಿಟ್ಟು ಕೇಳಬೇಡಿ.

ಅಷ್ಟರಲ್ಲಿ ಚಳಿಗಾಲ ಕಳೆಯುತ್ತದಾ? ಧಾರಾಳವಾಗಿ. ತಂತಿ ಬಿಚ್ಚಿಟ್ಟ ಲಿಥಿಯಂ ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದು ತಿಂಗಳಿಗೆ ಶೇಕಡಾ 2 ಅಥವಾ 3 ಅಷ್ಟೇ. ನಾಲ್ಕು ತಿಂಗಳಾದರೂ ಹತ್ತರ ಆಸುಪಾಸು. 50ಕ್ಕೆ ಇಟ್ಟದ್ದು 40ರ ಹತ್ತಿರ ಇರುತ್ತದೆ. ನಡುವೆ ಹೋಗಿ ಚಾರ್ಜ್ ಮಾಡುವುದು ಬೇಡವೇ ಬೇಡ.

ಅರ್ಧ ಆಗಿದೆ ಅಂತ ತಿಳಿಯುವುದು ಹೇಗೆ ಅನ್ನುತ್ತೀರಾ? ವೋಲ್ಟ್ ಮೀಟರ್ ಹಿಡಿದು ಅಳೆಯಬೇಡಿ. ಈ ಬ್ಯಾಟರಿಯಲ್ಲಿ ಮುಕ್ಕಾಲು ತುಂಬಿದ್ದರೂ 13 ಚಿಲ್ಲರೆ ವೋಲ್ಟ್, ಅರ್ಧ ಇದ್ದರೂ 13 ಚಿಲ್ಲರೆ ವೋಲ್ಟ್. ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಅರ್ಧ ಖರ್ಚು ಮಾಡಿ. 100 ಆಂಪಿಯರ್ ಅವರ್ ಬ್ಯಾಟರಿ, ಅಂದರೆ 1 ಆಂಪಿಯರ್ ಎಳೆದರೆ 100 ಗಂಟೆ ಬರುವಂಥದ್ದು ಇದ್ದರೆ, 4 ಆಂಪಿಯರ್ ಎಳೆಯುವ ಯಾವುದನ್ನಾದರೂ ಹನ್ನೆರಡು ಗಂಟೆ ಓಡಿಸಿ. ಮುಗಿಯಿತು. ಬ್ಯಾಟರಿಗೆ ಆಪ್ ಇದ್ದರೆ ಇನ್ನೂ ಸುಲಭ, ಅದರಲ್ಲೇ ನೋಡಿ.

ಈಗ ತಂತಿ ಬಿಚ್ಚುವ ವಿಷಯ. ಇದಕ್ಕೆ ಒಂದು ಕಥೆ ಇದೆ, ಹೇಳದೆ ಬಿಡುವುದಿಲ್ಲ.

ನನಗೆ ಪರಿಚಯದ ಒಬ್ಬ ಮೇಷ್ಟ್ರು ಇದ್ದಾರೆ. ನಿವೃತ್ತರು. ಬಹಳ ಶಿಸ್ತಿನ ಮನುಷ್ಯ, ವ್ಯಾನ್‌ನಲ್ಲಿ ಚಮಚಕ್ಕೂ ಒಂದು ಜಾಗ ಇರಬೇಕು. ಲಿಥಿಯಂ ಬ್ಯಾಟರಿ ಹಾಕಿಸಿದ ವರ್ಷ ನನ್ನನ್ನು ಕೇಳಿದರು. ನಾನು ಇದೇ ಮಾತು ಹೇಳಿದೆ. ಅರ್ಧ ತುಂಬಿಸಿದರು, ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲದ ಹಾಗೆ. ಮೇನ್ ಸ್ವಿಚ್ ಆರಿಸಿದರು. ಅಲ್ಲಿಗೆ ನಿಲ್ಲಿಸಿದರು. ಸ್ವಿಚ್ ಆರಿಸಿದ ಮೇಲೆ ತಂತಿ ಯಾಕೆ ಬಿಚ್ಚಬೇಕು ಅನ್ನುವುದು ಅವರ ಲೆಕ್ಕ. ನೋಡಿ, ಅಲ್ಲೇ ತಪ್ಪಿದ್ದು.

ಚಳಿ ಇನ್ನೂ ಬಿಟ್ಟಿರಲಿಲ್ಲ, ಬೆಳಿಗ್ಗೆ ಬೆಳಿಗ್ಗೆ ಫೋನ್ ಬಂತು. "ಏನ್ರೀ, ನಿಮ್ಮ ಮಾತು ಕೇಳಿ ನನ್ನ ಬ್ಯಾಟರಿ ಸತ್ತುಹೋಯ್ತಲ್ರೀ!" ನಮಸ್ಕಾರವೂ ಇಲ್ಲ, ಏನೂ ಇಲ್ಲ. ಮೀಟರ್ ಇಟ್ಟರೆ ಸೊನ್ನೆ ತೋರಿಸುತ್ತಿದೆಯಂತೆ. ಚಾರ್ಜರ್ ಹಚ್ಚಿದರೆ, ಬ್ಯಾಟರಿಯೇ ಇಲ್ಲ ಅನ್ನುತ್ತದಂತೆ. ಹೊಸದು ಕೊಳ್ಳಲು ಆಗಲೇ ವಿಚಾರಿಸಿದ್ದರು. "ಮೇಷ್ಟ್ರೇ, ಏನೂ ಮುಟ್ಟಬೇಡಿ, ಬಂದೆ" ಅಂದೆ.

ಹೋಗಿ ನೋಡಿದರೆ ಮೇನ್ ಸ್ವಿಚ್ ಆರಿಸಿಯೇ ಇದೆ. ಅವರು ಸುಳ್ಳು ಹೇಳುವವರಲ್ಲ. ಸೀಟಿನ ಕೆಳಗೆ ಟಾರ್ಚ್ ಹಾಕಿದೆ. ಬ್ಯಾಟರಿಯ ಪ್ಲಸ್ ಕಡೆಯಿಂದ ದಪ್ಪ ತಂತಿ ಸ್ವಿಚ್ಚಿಗೆ ಹೋಗಿತ್ತು, ಸರಿ. ಅದರ ಪಕ್ಕದಲ್ಲೇ ಎರಡು ಸಣ್ಣ ತಂತಿಗಳು ಸ್ವಿಚ್ಚಿನ ಗೊಡವೆಯೇ ಇಲ್ಲದೆ ನೇರವಾಗಿ ಬ್ಯಾಟರಿಯಿಂದ ಹೊರಟಿದ್ದವು. ಒಂದನ್ನು ಹಿಡಿದು ಹೋದರೆ ರೇಡಿಯೋ. ಆರಿಸಿದ್ದರೂ ತನ್ನ ಗಡಿಯಾರ, ನೆನಪಿಗೆಲ್ಲ ಚೂರು ಕರೆಂಟ್ ಕುಡಿಯುವ ಬಗೆ. ಇನ್ನೊಂದನ್ನು ಹಿಡಿದು ಹೋದೆ. ಅದು ಮಂಚದ ಕೆಳಗೆ ನುಗ್ಗಿ, ಗೋಡೆಯ ಹಿಂದೆ ಮಾಯವಾಗಿ, ಒಲೆಯ ಹತ್ತಿರ ಎದ್ದಿತು. ಅಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರಾಂ.

ಆಗ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಬಾಯಿ ಬಿಟ್ಟಳು. "ತಾತ, ನಾನು ಹೇಳಿರಲಿಲ್ವಾ? ರಾತ್ರಿ ವ್ಯಾನ್ ಒಳಗೆ ಹಸಿರು ದೀಪ ಕಾಣ್ತಿತ್ತು ಅಂತ." ಹೇಳಿದ್ದಳಂತೆ. ಸ್ವಿಚ್ ಆರಿಸಿದ್ದೇನೆ, ದೀಪ ಎಲ್ಲಿಂದ ಬರುತ್ತೆ, ಹೋಗಿ ಮಲಕ್ಕೋ ಅಂದಿದ್ದರಂತೆ ಮೇಷ್ಟ್ರು. ಅವರ ಮುಖ ನೋಡಬೇಕಿತ್ತು. ಇಡೀ ಊರಿಗೆ ಲೆಕ್ಕ ಕಲಿಸಿದವರು!

ಲೆಕ್ಕ ಅಂದೆನಲ್ಲ, ಅಲ್ಲೇ ಒಂದು ಲೆಕ್ಕ ಹಾಕಿ ತೋರಿಸಿದೆ. ಎರಡೂ ಸೇರಿ 50 ಮಿಲಿಆಂಪಿಯರ್ ಎಳೆಯುತ್ತವೆ ಅಂತ ಇಟ್ಟುಕೊಳ್ಳಿ. ಏನೂ ಅಲ್ಲ ಅನಿಸುತ್ತೆ, ಅಲ್ವಾ? ದಿನಕ್ಕೆ 24 ಗಂಟೆ, ಅಂದರೆ 1.2 ಆಂಪಿಯರ್ ಅವರ್. 100ರ ಬ್ಯಾಟರಿಯಲ್ಲಿ ಅರ್ಧ ಇದ್ದದ್ದು 50. ಆರು ವಾರದಲ್ಲಿ ಸ್ವಾಹಾ. ಅರ್ಧ ತುಂಬಿಸಿದ್ದು ತಪ್ಪಲ್ಲ. ತಂತಿ ಬಿಚ್ಚದೆ ಬಿಟ್ಟದ್ದು ತಪ್ಪು.

ಇನ್ನು ಆ ಸೊನ್ನೆಯ ಗುಟ್ಟು. ಲಿಥಿಯಂ ಬ್ಯಾಟರಿಯ ಒಳಗೆ ಬಿಎಂಎಸ್ ಅಂತ ಒಂದು ಕಾವಲು ಸರ್ಕ್ಯೂಟ್ ಇರುತ್ತದೆ. ಸೆಲ್‌ಗಳು ತೀರಾ ಕೆಳಗಿಳಿದರೆ ಅದು ಬಾಗಿಲು ಹಾಕಿಕೊಳ್ಳುತ್ತದೆ. ಹೊರಗಿನಿಂದ ಸೊನ್ನೆ ಕಂಡರೂ ಒಳಗೆ ಇನ್ನೂ ಜೀವ ಇರುತ್ತದೆ. ಲಿಥಿಯಂಗೆಂದೇ ಮಾಡಿದ ಕೆಲವು ಚಾರ್ಜರ್‌ಗಳಿಗೆ ಅದನ್ನು ಎಬ್ಬಿಸಲು ಬರುತ್ತದೆ, ಮೇಷ್ಟ್ರ ಹಳೇ ಚಾರ್ಜರ್‌ಗೆ ಬರುತ್ತಿರಲಿಲ್ಲ. ನಾನು ಬೇರೆ ಚಾರ್ಜರ್ ತಂದಿದ್ದೆ. ಮೇಷ್ಟ್ರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಹಚ್ಚಲು ಹೊರಟರು. "ನಿಲ್ಲಿ!" ಅಂತ ಕೂಗಿದೆ. ವ್ಯಾನ್ ಒಳಗೆ ಬಕೆಟ್ಟಿನ ನೀರು ಗಡ್ಡೆ ಕಟ್ಟಿತ್ತು!

ಇದನ್ನು ಗಮನವಿಟ್ಟು ಕೇಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ಒಳಗೆ ಹೋಗಿ ಕೂರಬೇಕು. ಚಳಿಯಲ್ಲಿ ಅವು ಒಳಗೆ ಸರಿಯುವುದು ನಿಧಾನ. ಬಸ್ಸಿನ ಒಳಗೆ ಜನ ಮುಂದೆ ಸರಿಯದಿದ್ದರೆ ಬಾಗಿಲಲ್ಲೇ ಜೋತು ಬೀಳುತ್ತಾರಲ್ಲ, ಹಾಗೆ ಅವು ಹೊರಮೈಯಲ್ಲೇ ಲೋಹವಾಗಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ್ದು ಪೂರ್ತಿ ಬಿಡುವುದಿಲ್ಲ. ಬ್ಯಾಟರಿಯ ಶಕ್ತಿ ಅಷ್ಟು ಹೋದ ಹಾಗೆ. ಜಾಸ್ತಿಯಾದರೆ ಒಳಗೇ ಶಾರ್ಟ್ ಆಗುವ ಭಯ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅದೇ ಕಷ್ಟ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿ, ಬ್ಯಾಟರಿ ಬಿಚ್ಚಿ, ಮನೆಯೊಳಗೆ ತಂದಿಟ್ಟೆವು. ಅರ್ಧ ಗಂಟೆಗೇ "ಬೆಚ್ಚಗಾಯ್ತು, ಹಚ್ಚೋಣ್ವಾ?" ಅಂದರು. ಬೆಚ್ಚಗಾಗಿದ್ದು ಡಬ್ಬ, ಒಳಗಿನ ಸೆಲ್ ಅಲ್ಲ. ರಾತ್ರಿಯೆಲ್ಲ ಇಡಬೇಕು ಅಂದೆ. ಮುಖ ಊದಿಸಿಕೊಂಡರು. ಬೆಳಿಗ್ಗೆ ಸಣ್ಣ ಕರೆಂಟಿನಲ್ಲಿ ಎಬ್ಬಿಸಿದೆವು. ಮೀಟರ್ ಸೊನ್ನೆಯಿಂದ ಎದ್ದಿತು. ಅದೃಷ್ಟ, ಸೆಲ್‌ಗಳು ತೀರಾ ಪಾತಾಳಕ್ಕೆ ಇಳಿದಿರಲಿಲ್ಲ. ಇನ್ನೂ ಕೆಲವು ವಾರ ಹಾಗೇ ಬಿಟ್ಟಿದ್ದರೆ ನಾನೂ ಎಬ್ಬಿಸಲು ಹೋಗುತ್ತಿರಲಿಲ್ಲ, ಯಾರೂ ಹೋಗಬಾರದು.

ಅಯ್ಯೋ, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಬಿಚ್ಚುವಾಗ ಸೋಲಾರ್ ಪ್ಯಾನೆಲ್ ತಂತಿ ಮೊದಲು. ಆಮೇಲೆ ಬ್ಯಾಟರಿಯ ಮೈನಸ್. ಕೊನೆಗೆ ಪ್ಲಸ್. ಬಿಚ್ಚಿದ ತುದಿಗಳಿಗೆ ಟೇಪ್ ಸುತ್ತಿ, ಮೇಲೆ ಸ್ಪ್ಯಾನರ್ ಬಿದ್ದರೆ ಕಿಡಿ ಹಾರುತ್ತದೆ. ಸೋಲಾರ್ ಇದೆ, ತಾನೇ ನೋಡಿಕೊಳ್ಳುತ್ತೆ ಅನ್ನುವವರು ದಯವಿಟ್ಟು ಇಷ್ಟು ಹೊತ್ತು ಹೇಳಿದ್ದನ್ನು ನೆನಪಿಸಿಕೊಳ್ಳಿ. ಅದು ಬ್ಯಾಟರಿಯನ್ನು ತಿಂಗಳುಗಟ್ಟಲೆ ಪೂರ್ತಿ ತುಂಬಿಸಿಯೇ ಇಡುತ್ತದೆ. ಚಳಿಯಲ್ಲಿ ಚಾರ್ಜಿಂಗ್ ತಡೆಯುವ ಬಿಎಂಎಸ್ ಇಲ್ಲದಿದ್ದರೆ, ಹಿಮದ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಚಾರ್ಜ್ ಮಾಡಲು ಶುರು ಮಾಡುತ್ತದೆ. ಎರಡೂ ಬೇಡ. ಅರ್ಧ ತುಂಬಿಸಿ, ತಂತಿ ಬಿಚ್ಚಿ.

ಮನೆಯೊಳಗೆ ತರಬೇಕಾ ಅಂತ ಎಲ್ಲರೂ ಕೇಳುತ್ತಾರೆ. 100 ಆಂಪಿಯರ್ ಅವರ್‌ದು ಹತ್ತು ಹನ್ನೆರಡು ಕಿಲೋ ಇರುತ್ತದೆ, ಎತ್ತಲು ಆದರೆ ತನ್ನಿ. ಒಣ ಜಾಗ, ಹೀಟರ್ ಪಕ್ಕ ಬೇಡ. ಎತ್ತಲು ಆಗದಿದ್ದರೆ ವ್ಯಾನ್‌ನಲ್ಲೇ ಇರಲಿ. ಸುಮ್ಮನೆ ಕೂತ ಬ್ಯಾಟರಿಗೆ ಚಳಿ ಶತ್ರುವಲ್ಲ. ಬಹಳ ಬ್ಯಾಟರಿಗಳು ಸೊನ್ನೆಗಿಂತ 20 ಡಿಗ್ರಿ ಕೆಳಗೂ ತಡೆದುಕೊಳ್ಳುತ್ತವೆ, ನಿಮ್ಮದರ ಕೈಪಿಡಿಯಲ್ಲಿ ಬರೆದಿರುತ್ತದೆ. ಒಳಗೇ ಹೀಟರ್ ಇರುವ ಬ್ಯಾಟರಿ ನಿಮ್ಮದಾಗಿದ್ದರೆ ಆ ಹೀಟರ್ ಆರಿಸಿ, ಇಲ್ಲದಿದ್ದರೆ ತನ್ನ ಮೈ ಕಾಯಿಸಲು ತನ್ನದೇ ಕರೆಂಟ್ ತಿಂದು ಮುಗಿಸಬಹುದು.

ಇನ್ನೊಂದು. ವ್ಯಾನ್‌ನ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬಹುತೇಕ ಇನ್ನೂ ಲೆಡ್ ಆಸಿಡ್. ಅದನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ. ಅದು ಪೂರ್ತಿ ತುಂಬಿರಬೇಕು, ಅದಕ್ಕೆ ನಿಮ್ಮ ಹಳೇ ಚಾರ್ಜರ್ ಹಚ್ಚಿ.

ಚಳಿ ಮುಗಿದ ಮೇಲೆ ಬ್ಯಾಟರಿ ಬೆಚ್ಚಗಾದದ್ದು ಖಚಿತ ಮಾಡಿಕೊಂಡು ಪ್ಲಸ್ ಹಾಕಿ, ಆಮೇಲೆ ಮೈನಸ್, ಸೋಲಾರ್ ಕೊನೆಗೆ. ಒಮ್ಮೆ ಪೂರ್ತಿ, 14.2 ಅಥವಾ 14.4 ವೋಲ್ಟ್ ತನಕ ಚಾರ್ಜ್ ಮಾಡಿ, ಅಲ್ಲೇ ಸ್ವಲ್ಪ ಹೊತ್ತು ಬಿಡಿ. ಒಳಗಿನ ನಾಲ್ಕು ಸೆಲ್‌ಗಳೂ ಒಂದೇ ಮಟ್ಟಕ್ಕೆ ಬರುವುದು ಆಗಲೇ. ನಮಸ್ಕಾರ.