ಕರೆಂಟ್ ಹೋದರೂ ಮರೆಯದ ನೆನಪು

ಕೇಳುಗರಿಗೆ ನಮಸ್ಕಾರ. ಚಿಂತಾಮಣಿ ಕಡೆ ಡೈರಿಗೆ ಹಾಲು ಹಾಕಿ ಬಂದು ರೇಡಿಯೋ ಹಚ್ಚಿದವರೇ, ಇವತ್ತಿನ ಮಾತು ನಿಮಗೇ.

ಕೆಲವು ವರ್ಷಗಳ ಹಿಂದೆ ಬೆಳಗ್ಗೆ ಆರೂವರೆಗೆ ಡೈರಿಯ ಸಾಲಿನಲ್ಲಿ ನಿಂತಿದ್ದೆ. ಫ್ಯಾಟ್ ನೋಡುವ ಮಿಷನ್ ಪಕ್ಕದ ಕಂಪ್ಯೂಟರಿಗೆ ಒಬ್ಬೊಬ್ಬರ ಲೆಕ್ಕ ಏರುತ್ತಿತ್ತು. ನನ್ನ ಮುಂದಿದ್ದ ಅಜ್ಜಿ ಹಾಲು ಸುರಿದು ಖಾಲಿ ತಂಬಿಗೆ ಹಿಡಿದಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿಯೂ ಕೈಕೊಟ್ಟಿತು. ಮತ್ತೆ ಬಂದಾಗ ಸೇವ್ ಆಗದ 18 ಮನೆಯ ಲೆಕ್ಕ ಮಾಯ! ಎಲ್ಲರ ಹಾಲೂ ದೊಡ್ಡ ಕ್ಯಾನಿನಲ್ಲಿ ಬೆರೆತಾಗಿತ್ತು. ಇನ್ನು ಯಾರದನ್ನು ಅಳೆಯುವುದು? ಜಗಳವೋ ಜಗಳ. ಕೊನೆಗೆ ಹಿಂದಿನ ದಿನದ ಫ್ಯಾಟೇ ಹಾಕಿದರು. ಅಜ್ಜಿ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಪುಸ್ತಕದಾಗೆ ಬರೆದಿದ್ರೆ ಅಳಿಸಿಹೋಗ್ತಿತ್ತಾ? ಇದಕ್ಕೆ ಅಷ್ಟೂ ಗ್ಯಾನ ಇಲ್ವಾ?" ಎಂದರು.

ಎಂಥ ಪ್ರಶ್ನೆ ನೋಡಿ! ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ನೆನಪು, ಅಂದರೆ ಮೆಮೊರಿ, ಸೋರುವ ಕೊಡದ ಹಾಗೆ. ಅದರಲ್ಲಿ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಲ ತುಂಬುತ್ತಲೇ ಇರಬೇಕು. ಅಯಸ್ಕಾಂತದಲ್ಲಿ ನೆನಪಿಟ್ಟರೆ ಹಾಗಲ್ಲ. ಕರೆಂಟ್ ಇಲ್ಲದಿದ್ದರೂ ಅಯಸ್ಕಾಂತ ಯಾವ ಕಡೆ ಮುಖ ಮಾಡಿಸಿದಿರೋ ಅದೇ ಕಡೆ ನಿಲ್ಲುತ್ತದೆ. ಆದರೆ ಆ ಮುಖವನ್ನು ಓದುವುದು ಹೇಗೆ?

ಎರಡು ಅಯಸ್ಕಾಂತದ ಪದರ. ನಡುವೆ ವಿದ್ಯುತ್ ಹರಿಯದ ಗೋಡೆ, ದಪ್ಪ ಬರೀ ಒಂದೆರಡು ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. ಗೋಡೆ ಅಷ್ಟು ತೆಳುವಾದರೆ, ವಿದ್ಯುತ್ತನ್ನು ಹೊತ್ತೊಯ್ಯುವ ಕಣವಾದ ಎಲೆಕ್ಟ್ರಾನ್ ಅದನ್ನು ಹತ್ತದೆ, ಒಡೆಯದೆ ಆಚೆ ಬರುತ್ತದೆ. ಅದೇ ಟನೆಲಿಂಗ್. ಎಲೆಕ್ಟ್ರಾನ್ ತಾನೇ ಒಂದು ಪುಟ್ಟ ಅಯಸ್ಕಾಂತ. ಈ ಗುಣವೇ ಸ್ಪಿನ್. ಎರಡೂ ಪದರಗಳು ಒಂದೇ ಕಡೆ ನೋಡಿದರೆ ಎಲೆಕ್ಟ್ರಾನ್ ದಾಟುವುದು ಸಲೀಸು, ಎದುರುಬದುರಾದರೆ ಕಷ್ಟ. ಬಸ್ಸಿಗೆ ಹೆಂಗಸರೇ ಜಾಸ್ತಿ ಹತ್ತಿ, ಮಹಿಳೆಯರ ಸೀಟೇ ಜಾಸ್ತಿ ಖಾಲಿ ಇದ್ದರೆ ಬೇಗ ಕೂರುತ್ತಾರೆ, ಅಲ್ವಾ? ಗಂಡಸರ ಸೀಟು ಮಾತ್ರ ಖಾಲಿ ಇದ್ದರೆ ಬಾಗಿಲಲ್ಲೇ ನೂಕುನುಗ್ಗಲು. ಇಲ್ಲೂ ಅಷ್ಟೇ. ಹತ್ತುವವರು ಎಲೆಕ್ಟ್ರಾನ್, ಹೆಂಗಸರು ಗಂಡಸರು ಎಂದರೆ ಸ್ಪಿನ್ನಿನ ಎರಡು ದಿಕ್ಕು, ಸೀಟು ಎಂದರೆ ಆಚೆ ಪದರದಲ್ಲಿರುವ ಜಾಗ. ಒಂದೇ ಕಡೆ ನೋಡಿದರೆ ಸಲೀಸು, ಎದುರುಬದುರಾದರೆ ಕಷ್ಟ. ಕಂಪ್ಯೂಟರಿನ ಲೆಕ್ಕವೆಲ್ಲ ಸೊನ್ನೆ ಮತ್ತು ಒಂದರಲ್ಲೇ ತಾನೆ? ಸಲೀಸಾದರೆ ಸೊನ್ನೆ, ಕಷ್ಟವಾದರೆ ಒಂದು. ಲೆಕ್ಕ ಓದಿಯಾಯಿತು! ಇದನ್ನು ಬಾಯಿಪಾಠ ಮಾಡಿಸುವ ಬದಲು ಮಕ್ಕಳಿಗೆ ಹೀಗೆ ಹೇಳಬಾರದೇ?

ಹೊತ್ತಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ಫ್ರಾನ್ಸಿನ ವಿಜ್ಞಾನಿ ಜೂಲಿಯೇರ್ ಇದನ್ನು 1975ರಲ್ಲೇ ಕಂಡರು. ಆದರೆ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಚಳಿಯಲ್ಲಿ. ಕೋಣೆಯ ಬಿಸಿಯಲ್ಲೇ ಚೆನ್ನಾಗಿ ತೋರಿಸಿದ್ದು 1995ರಲ್ಲಿ, ಜಪಾನಿನ ಮಿಯಾಝಾಕಿ ತಂಡ ಮತ್ತು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಮ್ಮ ಭಾರತ ಮೂಲದ ಜಗದೀಶ್ ಮೂಡೆರ ಅವರ ತಂಡ. ಮೂಡೆರ ಹೆಸರು ನಮ್ಮ ಕಾಲೇಜು ಮಕ್ಕಳಿಗೆ ಗೊತ್ತಿರಬೇಕು ಕಣ್ರೀ. 2004ರಲ್ಲಿ ಮೆಗ್ನೀಷಿಯಂ ಆಕ್ಸೈಡ್ ಗೋಡೆ ಬಂದ ಮೇಲೆ ಸಲೀಸಿಗೂ ಕಷ್ಟಕ್ಕೂ ಇರುವ ಅಂತರ ಸುಮಾರು 200 ಪರ್ಸೆಂಟ್ ಮುಟ್ಟಿತು, ಅಂದರೆ ಕಷ್ಟದಲ್ಲಿನ ಅಡ್ಡಿ ಸಲೀಸಿನದರ ಸುಮಾರು ಮೂರರಷ್ಟು. ಕರೆಂಟ್ ಹೋದರೂ ಮರೆಯದ, ಅಯಸ್ಕಾಂತದ ಈ ನೆನಪಿನ ಚಿಪ್‌ಗೆ ಎಂರ‍್ಯಾಮ್ ಎನ್ನುತ್ತಾರೆ. ಅಂಗಡಿಗೂ ಬಂದಿದೆ. ಡೈರಿಯ ಮಿಷನ್ನಿಗೂ ಇದನ್ನು ಹಾಕಲಿ ಎಂದು ನನ್ನ ಆಸೆ.

ನಮಸ್ಕಾರ.